9ನೇ ಕಾಲಂ, 12ನೇ ಕಾಲಂ

ರಾಯಚೂರಿನಿಂದ ದೇವದುರ್ಗದ ಕಡೆಗೋ ಮಾನ್ವಿಯ ಕಡೆಗೋ ಹೊರಟವರಿಗೆ ಕಲ್ಮಲ ಗೊತ್ತು. ಹೋಬಳಿ ಊರು. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ, ನಡುವೆ ಎರೆಹೊಲ, ಹತ್ತಿ, ತೊಗರಿ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ನೀರು ಮುಟ್ಟಿದಲ್ಲಿ ಭತ್ತ, ಮುಟ್ಟದಲ್ಲಿ ಮುಗಿಲು ನೋಡುವುದು. ಈ ಸೀಮೆಯಲ್ಲಿ ಹೊಲದ ಮಾತು ಬಂದರೆ ಎರಡು ಪ್ರಶ್ನೆ ಕೇಳುತ್ತಾರೆ: ಹೊಲ ಯಾರದು? ಮಾಡಾವ್ರು ಯಾರು? ಎರಡಕ್ಕೂ ಒಂದೇ ಉತ್ತರ ಇರಬೇಕೆಂದಿಲ್ಲ.

ಕೆಳಗೆ ಮಾತಾಡುವವರು ಈ ಎರಡು ಪ್ರಶ್ನೆಗಳಿಗೆ ಸಿಗುವ ಎರಡು ಉತ್ತರಗಳು. ಒಬ್ಬರು ಎಪ್ಪತ್ತು ದಾಟಿದ ಪಟ್ಟೇದಾರರು. ಎಂಟು ಎಕರೆ ಒಣಹೊಲ, ಮಗ ಬೆಂಗಳೂರಿನಲ್ಲಿ. ಇನ್ನೊಬ್ಬ ಅದೇ ಹೊಲವನ್ನು ಲೀಜಿಗೆ ಹಿಡಿದವನು. ಇಬ್ಬರಿಗೂ ಹೆಸರಿಟ್ಟಿಲ್ಲ. ಇಟ್ಟರೆ ಜಗಳ ಆ ಇಬ್ಬರದೇ ಎಂದುಕೊಂಡು ಓದುಗರು ಪಕ್ಕಕ್ಕೆ ಸರಿಯುತ್ತಾರೆ.

ಪಟ್ಟೇದಾರ: ಬಾ ತಮ್ಮಾ, ಕುಂದ್ರು. ಚಾ ಹೇಳ್ಲಿ?

ಲೀಜಿನವ: ಹೇಳ್ರಿ ಕಾಕಾ. ಇವತ್ತು ಚಾ ನೀವ ಕುಡಿಸ್ಬೇಕು. ನಿಮ್ಮ ಫೋನಿಗೆ ಕಿಸಾನ್ ಸಮ್ಮಾನ್ ಎರಡು ಸಾವಿರದ ಮೆಸೇಜು ಬಂದೈತಂತ.

ಪಟ್ಟೇದಾರ: ಬಂತಪಾ. ನಾಲ್ಕು ತಿಂಗಳಿಗೊಮ್ಮೆ ಬರ್ತೈತಿ. ವರ್ಷಕ್ಕ ಆರು ಸಾವಿರ ಅಂದ್ರ ದಿನಕ್ಕ ಹದಿನಾರು ರೂಪಾಯಿ. ಎರಡು ಚಾಕ್ಕ ಸರಿಹೋತು. ಅದರ ಮ್ಯಾಲೂ ನಿನ್ನ ಕಣ್ಣು ಬಿತ್ತೇನು?

ಲೀಜಿನವ: ಕಣ್ಣು ಬಿದ್ದಿಲ್ರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ವರ್ಷ ಆ ಹೊಲ ಹರಗಿದವ ಯಾರು, ಬಿತ್ತಿದವ ಯಾರು, ಕಾಯಿಕೊರಕಕ್ಕ ಎಣ್ಣಿ ಹೊಡೆದವ ಯಾರು?

ಪಟ್ಟೇದಾರ: ನೀನ. ಹೊಲ ನಂದು, ಬೆಳಿ ನಿಂದು, ಲೀಜು ನಂದು. ಯುಗಾದಿಗೆ ಮಾತಾಗೈತಿ. ಸರ್ಕಾರದ ರೊಕ್ಕದ ಮಾತು ಅದರಾಗ ಇರಲಿಲ್ಲ.

ಲೀಜಿನವ: ಇರಲಿಲ್ಲ, ಅದನ್ನ ಕೇಳಾಕ ಬಂದೀನಿ. ಸರ್ಕಾರ ರೊಕ್ಕ ಕೊಡೋದು ಹೊಲಕ್ಕೋ, ಬೇಸಾಯಕ್ಕೋ?

ಪಟ್ಟೇದಾರ: ಅದನ್ನ ದಿಲ್ಲಿಯವರಿಗೆ ಕೇಳು. 2019ರ ಫೆಬ್ರವರಿ 1ಕ್ಕೆ ಯಾರ ಹೆಸರಿನಾಗ ಹೊಲ ಇತ್ತೋ ಅವರಿಗೆ ಅಂದ್ರು. ನನ್ನ ಹೆಸರಿನಾಗಿತ್ತು, ಬಂತು. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಅಂದಿದ್ರು, ಆಗ ನಂಗೂ ಇರಲಿಲ್ಲ. ಚುನಾವಣಿ ಆದ ಮ್ಯಾಲ ಎಲ್ಲರಿಗೂ ಅಂದ್ರು. ಯಡಿಯೂರಪ್ಪನವರು ರಾಜ್ಯದ್ದು ಅಂತ ನಾಲ್ಕು ಸಾವಿರ ಕೂಡಿಸಿದ್ರು. 2023ರಾಗ ಸರ್ಕಾರ ಬದಲಾತು, ಆ ನಾಲ್ಕು ಸಾವಿರ ನಿಂತು ಹೋತು. ಕೊಟ್ಟಾಗ ಯಾಕ ಅಂತ ಯಾರೂ ನನ್ನ ಕೇಳಲಿಲ್ಲ, ನಿಲ್ಲಿಸಿದಾಗೂ ಕೇಳಲಿಲ್ಲ.

ಲೀಜಿನವ: ಆರು ಸಾವಿರದ ಮಾತು ಬಿಡ್ರಿ, ಅದು ನಿಮ್ಮ ಬಿಪಿ ಗುಳಿಗಿಗೆ ಸಾಲಂಗಿಲ್ಲ. ನನ್ನ ಹೊಟ್ಟಿ ಉರಿದದ್ದು 2023ರಾಗ. ರಾಜ್ಯದ 236 ತಾಲ್ಲೂಕಿನಾಗ 223 ಬರ ಅಂತ ಸರ್ಕಾರನ ಬರೀತು. ಹತ್ತಿ ಮೊಣಕಾಲಮಟ ಬಂದು ನಿಂತು ಒಣಗಿತು. ಬೀಜ ನಂದು, ಗೊಬ್ಬರ ನಂದು, ಕಳೆ ತೆಗೆದವರ ಕೂಲಿ ನಂದು. ಯುಗಾದಿಗೆ ನಿಮ್ಮ ಕೈಯಾಗ ಇಟ್ಟ ಲೀಜೂ ನಂದ. ಬರ ಪರಿಹಾರ ಯಾರ ಖಾತೆಕ್ಕ ಬಂತು?

ಪಟ್ಟೇದಾರ: ನನ್ನ ಖಾತೆಕ್ಕ. ಬಂದ ಮರುದಿನ ಅರ್ಧ ನಿನ್ನ ಕೈಯಾಗ ಕೊಟ್ಟೆನಿಲ್ಲೋ?

ಲೀಜಿನವ: ಕೊಟ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಎಲ್ಲಾ ಪಟ್ಟೇದಾರರಿಗೂ ನಿಮ್ಮಂಥ ದೊಡ್ಡಗುಣ ಇರಬೇಕು ಅಂತ ಕಾನೂನು ಮಾಡಾಕ ಬರ್ತೈತೇನ್ರಿ?

ಆ ಪರಿಹಾರದ ಹಿಂದಿನ ಕಥೆ ಊರವರಿಗೆ ಅರ್ಧ ಮಾತ್ರ ಗೊತ್ತು. ಕರ್ನಾಟಕ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಉತ್ತರ ಬಾರದೆ, 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತೆಂದು ರೈತರಿಗೆ ತಲಾ 2,000 ರೂಪಾಯಿವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎಕರೆಗೆ ಲೆಕ್ಕ ಹಾಕಿದರೆ 3,400ರ ಸುತ್ತ. ಅದೂ ಎರಡು ಹೆಕ್ಟೇರಿಗೆ ಮಾತ್ರ. ಕೇಂದ್ರ ಕೊಟ್ಟಿತೋ, ರಾಜ್ಯ ಕೊಟ್ಟಿತೋ, ಕೋರ್ಟು ಕೊಡಿಸಿತೋ ಎಂದು ಬೆಂಗಳೂರಿನಲ್ಲಿ ವಾದ ನಡೆದಿತ್ತು. ಕೊಟ್ಟದ್ದು ಯಾರ ಕೈ ಸೇರಿತು ಎಂಬ ವಾದ ಅಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಪಟ್ಟೇದಾರ: ನಿನ್ನ ಹೊಟ್ಟಿಯುರಿ ಒಂದು ಕಡಿ ಇರಲಿ, ನಂದೂ ಕೇಳು. ಎಂಟು ಎಕರೆ ಒಣಗಿತು. ಪರಿಹಾರ ಐದು ಎಕರೆಕ್ಕ. ಉಳಿದ ಮೂರು ಎಕರೆ ಸರ್ಕಾರದ ಲೆಕ್ಕದಾಗ ಒಣಗೇ ಇಲ್ಲ! 2008ರಾಗ ಮನಮೋಹನ ಸಿಂಗರ ಸಾಲ ಮನ್ನಾ ಬಂತಲ್ಲ, ಆಗೂ ಹಿಂಗ ಆತು. ಎರಡು ಹೆಕ್ಟೇರ್ ಒಳಗಿನವರಿಗೆ ಪೂರಾ ಮನ್ನಾ. ಕಾಲುವಿ ನೀರಾಗ ವರ್ಷಕ್ಕ ಎರಡು ಭತ್ತ ಬೆಳೆಯೋ ನಾಲ್ಕೆಕರಿಯವ ಸಣ್ಣ ರೈತ, ಮಳಿ ಬಂದ್ರ ಒಂದು ಬೆಳಿ ಕಾಣೋ ಎಂಟೆಕರಿಯವ ನಾನು ದೊಡ್ಡ ರೈತ. ಮುಕ್ಕಾಲು ಕಟ್ಟು, ಕಾಲುಭಾಗ ಬಿಡ್ತೀವಿ ಅಂದ್ರು. ಆ ಮುಕ್ಕಾಲು ಕಟ್ಟಾಕ ಬ್ಯಾರೆ ಕಡಿ ಸಾಲ ಮಾಡಿದೆ.

ಲೀಜಿನವ: ಅದು ಅನ್ಯಾಯ. ಅದನ್ನ ನಾನೂ ಒಪ್ತೀನಿ.

ಪಟ್ಟೇದಾರ: ಒಪ್ಪಿದ್ರ ಇದನ್ನೂ ಒಪ್ಪು. ಉಳುವವಗ ಏನೂ ಬರಂಗಿಲ್ಲ ಅಂತೀಯಲ್ಲ, ಯೂರಿಯಾ ಯಾರಿಗೆ ಬರ್ತೈತಿ? 45 ಕಿಲೋ ಚೀಲ ನಿನಗ 266 ರೂಪಾಯಿಗೆ ಸಿಗ್ತೈತಿ. ಸರ್ಕಾರಕ್ಕ ಅದು ಎಷ್ಟೋ ಪಟ್ಟು ಬೀಳ್ತೈತಿ. ಆ ಉಳಿದ ರೊಕ್ಕ ನಂಗ ಬಂತೇನು? ಗೊಬ್ಬರದ ಅಂಗಡಿಯಾಗ ಹೆಬ್ಬೆಟ್ಟು ಒತ್ತಿದವ ನೀನು.

ಲೀಜಿನವ: ಬಂತ್ರಿ, ಸರದಿಯಾಗ ನಿಂತು. 2025ರ ಮುಂಗಾರಿನಾಗ ಯೂರಿಯಾಕ್ಕ ಬಿಸಿಲಾಗ ಚಪ್ಪಲಿ ಸಾಲಿಟ್ಟು ಕಾಯ್ದೀವಿ. ನಿಮ್ಮ ರೊಕ್ಕ ಮನಿಯಾಗ ಕುಂತಾಗ ಬರ್ತೈತಿ, ನಮ್ಮದು ಸಿಕ್ಕ ದಿನ ಸಿಕ್ಕಷ್ಟು.

ಮುದುಕರು ಹೇಳಿದ್ದರಲ್ಲಿ ತೂಕವಿದೆ, ಅದನ್ನು ಹೀಗೆ ಬಿಟ್ಟು ಮುಂದೆ ಹೋಗಲಾಗದು. ಸರ್ಕಾರದ ನೆರವು ಗೊಬ್ಬರವಾಗಿ, ಬೀಜವಾಗಿ, ಕಾಲುವೆಯ ನೀರಾಗಿ ಬಂದಾಗ ಹೊಲದಲ್ಲಿ ನಿಂತವನಿಗೆ ದಕ್ಕುತ್ತದೆ. ಹಣವಾಗಿ ಬಂದಾಗ ಕಾಗದ ಹಿಡಿದವನಿಗೆ ದಕ್ಕುತ್ತದೆ. ನಡುವಿನ ಕೈಗಳು ತಿನ್ನುತ್ತವೆಂದು ನಾವೆಲ್ಲ ನೇರ ಜಮೆಯನ್ನು ಹೊಗಳಿದೆವು. ನಡುವಿನ ಕೈ ತಪ್ಪಿದ್ದೂ ನಿಜ. ಜಮೆಯಾಗುವ ಖಾತೆ ಯಾರದೆಂದು ಆಗ ಹೆಚ್ಚಿನವರು ಕೇಳಲಿಲ್ಲ.

ಖಾತೆ ಯಾರದೆಂಬುದನ್ನು ಗೊತ್ತುಮಾಡುವುದು ಪಹಣಿ. ಅದರ 9ನೇ ಕಾಲಂನಲ್ಲಿ ಖಾತೆದಾರನ ಹೆಸರು. 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು, ಬೆಳೆಯ ವಿವರ. ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು ಇರಬಹುದೆಂದು ಪಹಣಿ ಮಾಡಿದವರಿಗೆ ಗೊತ್ತಿತ್ತು, ಅದಕ್ಕೇ ಎರಡು ಜಾಗ ಬಿಟ್ಟರು. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ ಎರಡೂ ಕಾಲಂ ಹೋದವು. ಆಮೇಲೆ ಫ್ರೂಟ್ಸ್ ತಂತ್ರಾಂಶ ಬಂತು, ಪ್ರತಿ ರೈತನಿಗೂ ಒಂದು ಎಫ್‌ಐಡಿ ಸಂಖ್ಯೆ ಬಂತು. ಬರ ಪರಿಹಾರ, ಬೆಂಬಲ ಬೆಲೆ, ಹನಿ ನೀರಾವರಿ ಸಹಾಯಧನ, ಕಿಸಾನ್ ಸಮ್ಮಾನ್ ಎಲ್ಲಕ್ಕೂ ಈಗ ಆ ಸಂಖ್ಯೆ ಬೇಕು. ಅದು ಹುಟ್ಟುವುದು 9ನೇ ಕಾಲಂನಿಂದ.

ಲೀಜಿನವ: ತೊಗರಿ ಮಾರಾಕ ಹೋದ್ರ ಏನಾಗ್ತೈತಿ ಗೊತ್ತೇನ್ರಿ? ಬೆಂಬಲ ಬೆಲಿ ಕೇಂದ್ರದಾಗ ನಿಮ್ಮ ಎಫ್‌ಐಡಿ ಕೇಳ್ತಾರ. ನಾನು ಬೆಳೆದ ತೊಗರಿ ನಿಮ್ಮ ಹೆಸರಿನಾಗ ತೂಗಿಸಿ, ನಿಮ್ಮ ಖಾತೆಕ್ಕ ರೊಕ್ಕ ಹಾಕಿಸಿ, ಆಮ್ಯಾಲ ನಿಮ್ಮ ಮನಿ ಬಾಗಿಲಿಗೆ ಬಂದು ನಿಲ್ಲಬೇಕು. ನೀವು ಬ್ಯಾಂಕಿನಾಗ ಸಾಲ ಉಳಿಸಿಕೊಂಡಿದ್ರ ನನ್ನ ತೊಗರಿ ರೊಕ್ಕದ ಗತಿ ಏನು? ಅದಕ್ಕ ಎಷ್ಟೋ ಮಂದಿ ಅಂಜಿ, ಕಡಿಮಿ ರೇಟಾದ್ರೂ ಸರಿ ಅಂತ ದಲ್ಲಾಳಿ ಅಂಗಡಿಗೆ ಹಾಕಿ ಬರ್ತಾರ.

ಪಟ್ಟೇದಾರ: ಬೆಳಿ ವಿಮಾ?

ಲೀಜಿನವ: ಪಾಲಿಗೆ ಮಾಡಾವ್ರೂ, ಲೀಜಿನವರೂ ಫಸಲ್ ಬಿಮಾ ಮಾಡಿಸಬಹುದು ಅಂತ ನಿಯಮದಾಗ ಐತಿ. ಆದ್ರ ಲೀಜಿನ ಕಾಗದ ತಾ ಅಂತಾರ. ಕೊಡ್ತೀರೇನು ಕಾಗದ?

ಪಟ್ಟೇದಾರ: ಕೊಡಂಗಿಲ್ಲ.

ಲೀಜಿನವ: ಯಾಕ್ರಿ?

ಪಟ್ಟೇದಾರ: ಯಾಕ ಅಂತ ಹೇಳ್ತೀನಿ ಕೇಳು. ನಾನಾಗ ಇಪ್ಪತ್ತರ ಹುಡುಗ. ದೇವರಾಜ ಅರಸರ ಕಾಲ. 1974ರ ಮಾರ್ಚ್ 1ಕ್ಕೆ ಗೇಣಿ ಬಂದ್ ಅಂದ್ರು. ಯಾರು ಗೇಣಿಗೆ ಮಾಡ್ತಿದ್ರೋ ಅವರು ಫಾರಂ ನಂಬರ್ 7 ಹಾಕ್ರಿ, ಹೊಲ ನಿಮ್ಮದು ಅಂದ್ರು. ನಮ್ಮಪ್ಪ ಆರು ಎಕರೆ ಪಾಲಿಗೆ ಕೊಟ್ಟಿದ್ದ. ಅವನೂ ದೊಡ್ಡ ಜಮೀನ್ದಾರ ಅಲ್ಲ, ಕೈಲಾಗದ ಮನುಷ್ಯ. ಆ ಆರು ಎಕರೆ ಹೋತು. ಹೋದದ್ದು ಯಾವುದರಿಂದ? ಪಹಣಿಯಾಗ ಸಾಗುವಳಿದಾರ ಅಂತ ಪಾಲಿನವನ ಹೆಸರಿತ್ತು. ಅಪ್ಪ ಸಾಯೋ ಮುಂದ ನಂಗ ಹೇಳಿದ್ದು ಒಂದ ಮಾತು: ಹೊಲ ಯಾರಿಗೆ ಬೇಕಾದ್ರೂ ಕೊಡು, ಕಾಗದ ಯಾರಿಗೂ ಕೊಡಬ್ಯಾಡ.

ಲೀಜಿನವ: ನಿಮ್ಮಪ್ಪನ ಹೊಲ ಹೋದದ್ದು ನಿಮಗ ನೆನಪೈತಿ. ನಮ್ಮಜ್ಜಗ ಎರಡು ಎಕರೆ ಬಂದದ್ದೂ ಅದ ಕಾನೂನಿನಾಗ. ಅದು ಬರದಿದ್ರ ನಮ್ಮ ಮನಿಯಾಗ ಯಾರೂ ಸಾಲಿ ಕಟ್ಟಿ ಹತ್ತತಿರಲಿಲ್ಲ. ಅದನ್ನ ತಪ್ಪು ಅಂತೀರೇನು?

ಪಟ್ಟೇದಾರ: ತಪ್ಪು ಅನ್ನಂಗಿಲ್ಲ. ನೂರಾರು ಎಕರೆ ಇಟ್ಟುಕೊಂಡು ಕುಂತವರು ಇದ್ರು, ಅವರಿಂದ ಬಿಡಿಸಿದ್ದು ಪುಣ್ಯದ ಕೆಲಸ. ಅಂಥವರಾಗ ಒಂದಿಷ್ಟು ಮಂದಿ ಕಾನೂನಿನ ಸುದ್ದಿ ಬಂದ ಕೂಡಲೇ ಪಾಲಿನವರನ್ನ ಬಿಡಿಸಿ ಕಳಿಸಿದ್ರು, ಕಾಗದ ತಿದ್ದಿಸಿದ್ರು. ನಮ್ಮಪ್ಪಗ ಅದು ತಿಳೀಲಿಲ್ಲ. ಅದಕ್ಕ ನಿನಗ ಮಾತು ಕೊಡ್ತೀನಿ, ನಮ್ಮ ಕಲ್ಮಲದ ಕರಿಯಪ್ಪ ತಾತನ ಆಣಿ ಇಡ್ತೀನಿ, ಕಾಗದ ಮಾತ್ರ ಕೇಳಬ್ಯಾಡ.

ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು ಎಂದುಕೊಳ್ಳಿ. ನಿಜಾಮನ ಸೀಮೆಯಾಗಿದ್ದ ಈ ಭಾಗದಲ್ಲಿ 1950ರ ಹೈದರಾಬಾದ್ ಗೇಣಿ ಕಾಯ್ದೆಯೇ ರಕ್ಷಿತ ಗೇಣಿದಾರ ಎಂಬ ಹೆಸರು ತಂದಿತ್ತು. ಆದರೆ ಜನರ ನೆನಪಲ್ಲಿ ಉಳಿದದ್ದು 1974. ಕರ್ನಾಟಕದಲ್ಲಿ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಹೊಲವನ್ನು ಗೇಣಿಗೆ ಕೊಡುವುದೇ ಆ ತಿದ್ದುಪಡಿಯಿಂದ ಕಾನೂನುಬಾಹಿರವಾಯಿತು. ಗೇಣಿ ನಿಲ್ಲಲಿಲ್ಲ, ಅದರ ಕಾಗದ ನಿಂತಿತು. ಯುಗಾದಿಗೆ ಬಾಯಿಮಾತಿನಲ್ಲಿ ಲೀಜು ಹುಟ್ಟುತ್ತದೆ, ಮುಂದಿನ ಯುಗಾದಿಗೆ ಮುಗಿಯುತ್ತದೆ, ಸರ್ಕಾರದ ಕಣ್ಣಿಗೆ ಅದು ನಡೆದೇ ಇಲ್ಲ. ಉಳುವವನನ್ನು ಒಡೆಯನನ್ನಾಗಿ ಮಾಡಹೊರಟ ಕಾನೂನೇ ಇಂದು ಉಳುವವನ ಹೆಸರು ಎಲ್ಲೂ ಕಾಣದಂತೆ ಮಾಡಿದೆ. ಅರಸರನ್ನು ನಾನು ದೂರುತ್ತಿಲ್ಲ. ಐವತ್ತು ವರ್ಷ ಇದನ್ನು ಹೀಗೇ ಬಿಟ್ಟವರನ್ನು ದೂರುತ್ತೇನೆ.

ಲೀಜಿನವ: ಕೃಷ್ಣಾ ದಾಟಿದ್ರ ತೆಲಂಗಾಣ. ಅಲ್ಲಿ 2018ರಾಗ ರೈತಬಂಧು ಶುರು ಮಾಡಿದ್ರು. ಎಕರೆಕ್ಕ ಹಂಗಾಮಿಗೆ ನಾಲ್ಕು ಸಾವಿರ, ಆಮ್ಯಾಲ ಐದು, 2025ರಿಂದ ಆರು. ವರ್ಷಕ್ಕ ಎರಡು ಸಲ. ನಮ್ಮವರು ಆ ದಂಡಿ ಕಡಿ ನೋಡಿ ಜೊಲ್ಲು ಸುರಿಸ್ತಾರ.

ಪಟ್ಟೇದಾರ: ಸುರಿಸ್ಲಿ ಬಿಡು. ಅಲ್ಲಿ ಲೀಜಿನವಗ ಎಷ್ಟು?

ಲೀಜಿನವ: ರೈತಬಂಧುನಾಗ ಸೊನ್ನಿ. ಪಟ್ಟಾ ಪಾಸ್‌ಬುಕ್ ಇದ್ದವರಿಗೆ ಮಾತ್ರ. ಐವತ್ತು ಎಕರೆ ಇದ್ದವಗ ಐವತ್ತು ಎಕರೆದ್ದೂ ಬಂತು.

ಪಟ್ಟೇದಾರ: ಆಂಧ್ರದಾಗ?

ಲೀಜಿನವ: ಅಲ್ಲಿ 2019ರಾಗ ಒಂದು ಕಾನೂನು ಮಾಡಿದ್ರು. ಹನ್ನೊಂದು ತಿಂಗಳಿಗೆ ಸಾಗುವಳಿ ಕಾರ್ಡು. ಅದಕ್ಕ ಹೊಲದವರ ಸಹಿ ಬೇಕಿತ್ತು.

ಪಟ್ಟೇದಾರ: ಸಹಿ ಹಾಕಿದ್ರೇನು?

ಲೀಜಿನವ: ಹಾಕಿದವರು ಕಡಿಮಿ. ಅಲ್ಲೂ ನಿಮ್ಮಂಥ ಕಾಕಾಗಳು ಅದಾರ.

ಪಟ್ಟೇದಾರ: ನೋಡಿದ್ಯಾ? ಅಂಜಿಕಿಗೆ ರಾಜ್ಯ ಇಲ್ಲ, ಭಾಷಾ ಇಲ್ಲ.

ಲೀಜಿನವ: ಒಡಿಶಾದಾಗ ಬ್ಯಾರೆ ಮಾಡಿದ್ರು. ಕಾಲಿಯಾ ಅಂತ ಯೋಜನಿ. ಸಣ್ಣ ರೈತರ ಕೂಡ ಪಾಲಿನವರನ್ನೂ ಸೇರಿಸಿದ್ರು, ಹೊಲ ಇಲ್ಲದವರಿಗೆ ಕುರಿ, ಕೋಳಿ ಕಟ್ಟಾಕ ಅಂತ 12,500 ಇಟ್ರು. ಆಗಂಗಿಲ್ಲ ಅನ್ನೋದಾದ್ರ ಅಲ್ಲಿ ಹೆಂಗ ಆತು?

ಇಷ್ಟರಲ್ಲಿ ಮೂರನೆಯವಳೊಬ್ಬಳು ಮಾತಿಗೆ ಬರಬೇಕು, ಬಾರದಿದ್ದರೆ ಈ ಸಂವಾದ ಸುಳ್ಳಾಗುತ್ತದೆ. ಅವಳು ಹತ್ತಿ ಬಿಡಿಸಲು ಹೋಗುವವಳು, ಮಾನ್ವಿ ಬಸ್ಸಿಗೆ ಕಾದು ನಿಂತವಳು.

ಹತ್ತಿ ಬಿಡಿಸುವವಳು: ನೀವಿಬ್ರೂ ಬರ್ರಿ, ಒಂದ್ಸಲ ನನ್ನ ಜೋಡಿ ಬದುವಿನ ಮ್ಯಾಲ ಕುಂದ್ರಿ. ನಿಮಗ ಒಂಬತ್ತನೇ ಕಾಲಮ್ಮರ ಐತಿ, ಇವಗ ಹನ್ನೆರಡನೇದು ಸಿಗಬಹುದು. ನಂದು ಯಾವ ಕಾಲಂ? ಬರ ಬಿದ್ದ ವರ್ಷ ನಿಮ್ಮ ಹೊಲದಾಗ ಬಿಡಿಸಾಕ ಹತ್ತಿನ ಇರಲಿಲ್ಲ. ನನ್ನ ಕೂಲಿ ಹೋದದ್ದಕ್ಕ ಯಾರು ಪರಿಹಾರ ಕೊಟ್ರು? ಮಗ ಸೊಸಿ ಬೆಂಗಳೂರಿಗೆ ಗುಳೆ ಹೋದ್ರು. ನಂಗ ತಿಂಗಳಾ ಗೃಹಲಕ್ಷ್ಮಿ ಎರಡು ಸಾವಿರ ಬರ್ತೈತಿ, ಅಷ್ಟ. ಅದಕ್ಕ ಪಹಣಿ ಕೇಳಲಿಲ್ಲ, ಪುಣ್ಯ.

ಬಸ್ಸು ಬಂತು, ಅವಳು ಹತ್ತಿಹೋದಳು. ಅವಳ ಲೆಕ್ಕ ಈ ಇಬ್ಬರನ್ನೂ ಮುಜುಗರಕ್ಕೆ ಸಿಕ್ಕಿಸುವಂಥದ್ದು. ಎಂಟು ಎಕರೆ ಪಟ್ಟೇದಾರನಿಗೆ ಕಿಸಾನ್ ಸಮ್ಮಾನ್ ವರ್ಷಕ್ಕೆ 6,000. ಪಹಣಿಯೇ ಇಲ್ಲದ ಅವಳಿಗೆ ಗೃಹಲಕ್ಷ್ಮಿ ವರ್ಷಕ್ಕೆ 24,000. ಹೊಲವಿಲ್ಲದವರನ್ನು ಮುಟ್ಟಿದ್ದು ಹೊಲಕ್ಕೆ ಸಂಬಂಧವೇ ಇಲ್ಲದ ಯೋಜನೆ.

ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಕಿಲ್ಲ. ಯುರೋಪಿನಲ್ಲಿ ಹೆಕ್ಟೇರ್ ಲೆಕ್ಕದಲ್ಲಿ ಕೊಡುವ ನೇರ ಪಾವತಿಯ ಸುಮಾರು ಶೇ 80 ಭಾಗ ಶೇ 20 ಫಲಾನುಭವಿಗಳಿಗೆ ಹೋಗುತ್ತದೆಂಬುದು ಅಲ್ಲಿ ಹಳೆಯ ದೂರು. ಅಮೆರಿಕದಲ್ಲಿ ಹಿಂದೆ ಭತ್ತ ಬೆಳೆದಿದ್ದ ಹೊಲದಲ್ಲಿ ಮನೆ ಕಟ್ಟಿಕೊಂಡವರಿಗೂ ಭತ್ತದ ಹಣ ಬರುತ್ತಿದೆ ಎಂದು 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆಯಿತು. ಟೆಕ್ಸಾಸಿನ ಸುದ್ದಿ ಅದು. ಆ ನೇರ ಪಾವತಿ 2014ರಲ್ಲಿ ರದ್ದಾಯಿತು. ರಾಯಚೂರಿನ ಸುತ್ತ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡುತ್ತಿರುವುದನ್ನು ಕಂಡವರಿಗೆ ಟೆಕ್ಸಾಸ್ ಬಹಳ ದೂರ ಅನ್ನಿಸದು.

ಪಟ್ಟೇದಾರ: ಸರಿ, ನಿನ್ನ ಮಾತ ಆಗಲಿ. ತೆಲಂಗಾಣದಂಗ ನಾಳಿಂದ ಎಕರೆಕ್ಕ ಆರು ಸಾವಿರ ಸೀದಾ ನಿನ್ನ ಖಾತೆಕ್ಕ ಬಂತು ಅಂತ ತಿಳಕೋ. ಮುಂದಿನ ಯುಗಾದಿಗೆ ನಾನೇನು ಮಾಡ್ತೀನಿ?

ಲೀಜಿನವ: ಏನು ಮಾಡ್ತೀರಿ?

ಪಟ್ಟೇದಾರ: ಲೀಜು ಏರಿಸ್ತೀನಿ. ನಾನು ಏರಿಸದಿದ್ರ ನಿನ್ನ ಬಾಜೂದವ ಬಂದು, ನಂಗ ಕೊಡ್ರಿ, ನಾನು ಎರಡು ಸಾವಿರ ಹೆಚ್ಚು ಕೊಡ್ತೀನಿ ಅಂತಾನ. ಕಾಲುವಿ ನೀರು ಬಂದಾಗ ಮಾನ್ವಿ ಕಡಿ ಏನಾತು? ಲೀಜು ಏರಿತು. ಸರ್ಕಾರ ನಿನಗ ಕೊಟ್ಟದ್ದು ತಿರುಗಿ ನನ್ನ ಕಡಿಗೇ ಹರೀತೈತಿ. ನಾನು ಕೆಟ್ಟವ ಅಂತ ಅಲ್ಲ, ಹೊಲ ಕಡಿಮಿ, ಕೇಳಾವ್ರು ಹೆಚ್ಚು.

ಲೀಜಿನವ: ಆರು ಸಾವಿರದ ಮಾತಿಗೆ ಅದು ಖರೆ ಇರಬಹುದ್ರಿ. ವರ್ಷಾ ತಪ್ಪದ ಬರೋ ರೊಕ್ಕ ಅಂದ್ರ ನೀವು ಮೊದಲ ಲೆಕ್ಕ ಹಿಡಿದು ಲೀಜಿನಾಗ ಸೇರಿಸ್ತೀರಿ. ಬರ ಹಂಗಲ್ಲ, ಯಾವ ವರ್ಷ ಬೀಳ್ತೈತಿ ಅಂತ ಯುಗಾದಿಗೆ ನಿಮಗೂ ಗೊತ್ತಿರಂಗಿಲ್ಲ, ನಂಗೂ ಗೊತ್ತಿರಂಗಿಲ್ಲ. ಆರು ಸಾವಿರ ನೀವ ಇಟ್ಟುಕೋರಿ. ಪರಿಹಾರ, ವಿಮಾ, ಬೆಂಬಲ ಬೆಲಿ, ಈ ಮೂರು ಬೆಳಿ ಇಟ್ಟವಗ ಬರಲಿ.

ಪಟ್ಟೇದಾರ: ಬೆಳಿ ಇಟ್ಟವ ನೀನ ಅಂತ ಸರ್ಕಾರಕ್ಕ ಹೇಳಾವ್ರು ಯಾರು? ಮತ್ತ ಕಾಗದಕ್ಕ ಬಂದಿ.

ಲೀಜಿನವ: ಪಹಣಿಯಾಗ ಬ್ಯಾಡ್ರಿ. ಹಂಗಾಮಿಗೊಮ್ಮೆ ಹುಡುಗರು ಫೋನ್ ಹಿಡಕೊಂಡು ಬೆಳಿ ಸಮೀಕ್ಷಾಕ್ಕ ಬರ್ತಾರಲ್ಲ, ಹೊಲದಾಗ ನಿಂತು ಫೋಟೊ ಹೊಡೀತಾರ. ಅದರಾಗ ಬಿತ್ತಿದವನ ಹೆಸರು ಬರಕೊಳ್ಳಲಿ. ಆ ಹಂಗಾಮಿಗೆ ಮಾತ್ರ. ಹಂಗಾಮು ಮುಗೀತು, ಹೆಸರೂ ಮುಗೀತು.

ಪಟ್ಟೇದಾರ: ಕಂಪ್ಯೂಟರಿನಾಗ ಬರೆದದ್ದು ಮುಗಿಯಂಗಿಲ್ಲ ತಮ್ಮಾ. ಹತ್ತು ವರ್ಷ ಬಿಟ್ಟು ನಿನ್ನ ಮಗ ಅದನ್ನ ತೆಗೆಸಿ ಕೋರ್ಟಿಗೆ ಒಯ್ದ್ರ?

ಲೀಜಿನವ: ಲೀಜಿನ ಹೆಸರಿನ ಮ್ಯಾಲ ಒಡೆತನ ಕೇಳಾಕ ಬರಂಗಿಲ್ಲ ಅಂತ 2016ರಾಗ ನೀತಿ ಆಯೋಗನ ಒಂದು ಮಾದರಿ ಕಾನೂನು ಬರೆದು ರಾಜ್ಯಗಳ ಮುಂದ ಇಟ್ಟೈತಿ.

ಪಟ್ಟೇದಾರ: ಮಾದರಿ ಕಾನೂನು ನನ್ನ ಹೊಲ ಕಾಯಂಗಿಲ್ಲ. ಈ ಹೆಸರು ಒಡೆತನಕ್ಕ ಸಾಕ್ಷಿ ಆಗಂಗಿಲ್ಲ ಅಂತ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆದಾಗ ಒಂದು ಸಾಲು ಬರಲಿ. ಅವತ್ತು ಸಮೀಕ್ಷಾದ ಹುಡುಗರನ್ನ ನಾನ ಕರಕೊಂಡು ಹೋಗಿ ನಿನ್ನ ಹೆಸರು ಬರೆಸ್ತೀನಿ.

ಲೀಜಿನವ: 2020ರಾಗ ಅದ ಕಾಯ್ದೆ ತಿದ್ದಿದ್ರಲ್ಲ, ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತ. ಕೊಳ್ಳಾವ್ರಿಗೆ ಸಾಲು ಸಿಕ್ತು. ಮಾಡಾವ್ರಿಗೆ ಸಿಗಾಕ ಇನ್ನೂ ಎಷ್ಟು ವರ್ಷ?

ಪಟ್ಟೇದಾರ: ಅದು ನನ್ನ ಕೈಯಾಗಿಲ್ಲ.

ಲೀಜಿನವ: ಅಲ್ಲೀ ತನಕ?

ಪಟ್ಟೇದಾರ: ಅಲ್ಲೀ ತನಕ ಅರ್ಧ. ಮಾತಿಗೆ ತಪ್ಪಂಗಿಲ್ಲ.

ಲೀಜಿನವ: ನೀವಿದ್ದಷ್ಟು ದಿನ ತಪ್ಪಂಗಿಲ್ಲ, ಗೊತ್ತೈತ್ರಿ. ಬೆಂಗಳೂರಾಗ ಇರೋ ನಿಮ್ಮ ಮಗ?

ಇದಕ್ಕೆ ಪಟ್ಟೇದಾರರ ಬಳಿ ಉತ್ತರವಿಲ್ಲ. ಲೀಜು ಏರುವ ಮಾತಿಗೆ ಲೀಜಿನವನ ಬಳಿಯೂ ಪೂರ್ತಿ ಉತ್ತರವಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬೆಳೆ ಹೋದದ್ದಕ್ಕೆ ಕೊಡುವ ಹಣ ಬೆಳೆ ಇಟ್ಟವನಿಗೇ ಸೇರಬೇಕು. ಆದರೆ ಮುದುಕರ ಭಯ ಕಳೆಯದೆ ಅದನ್ನು ಮಾಡಹೊರಟರೆ, ಮೊದಲು ಹೊಲದಿಂದ ಹೊರಬೀಳುವವನೂ ಅವನೇ. ಕಾಯ್ದೆಯಲ್ಲಿ ಆ ಒಂದು ಸಾಲು ಬರೆಯುವುದು ವಿಧಾನಸೌಧದ ಕೆಲಸ. ಅದು ಆಗುವವರೆಗೆ ಯುಗಾದಿಗೆ ಲೀಜು ಮಾತಾಡುವವರಲ್ಲಿ ಒಂದು ವಿನಂತಿ: ಎಕರೆಗೆ ಎಷ್ಟು ಎಂದು ಗೊತ್ತುಮಾಡುವಾಗಲೇ, ಬರ ಬಿದ್ದು ಪರಿಹಾರ ಬಂದರೆ ಯಾರಿಗೆ ಎಷ್ಟು, ವಿಮೆ ಬಂದರೆ ಯಾರಿಗೆ ಎಷ್ಟು, ತೊಗರಿಯ ಹಣ ಖಾತೆಗೆ ಬಿದ್ದ ಎಷ್ಟು ದಿನದೊಳಗೆ ಕೈಗೆ ಬರಬೇಕು ಎಂಬುದನ್ನೂ ಎರಡೂ ಮನೆಯ ಮಕ್ಕಳನ್ನು ಕೂಡಿಸಿಕೊಂಡು, ನಾಲ್ಕು ಜನರ ಮುಂದೆ ಆಡಿಬಿಡಿ.